ಸಭೆಯ ನಡುವಿನಿಂದ ಮುದ್ರಿಸಿದ ಸಂಗೀತ: ಪ್ರೋಗ್ರೆಸಿವ್ ರಾಕ್‌ನ ಆಡಿಯನ್ಸ್ ರೆಕಾರ್ಡಿಂಗ್ ಕೇಳುವ ಬಗೆ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಂಡೆಯ ಸಣ್ಣ ಊರು. ಆರ್.ಕೆ. ಶ್ರೀಕಂಠನ್ ಅವರಿಂದ ಹಿಡಿದು ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ ಅವರವರೆಗೆ ಕರ್ನಾಟಕ ಸಂಗೀತಕ್ಕೆ ಆ ಊರು ಕೊಟ್ಟ ವಿದ್ವಾಂಸರ ಪಟ್ಟಿ ದೊಡ್ಡದು. ನಮ್ಮ ಹಾಸನ ಸೀಮೆಯಲ್ಲಿ ಕಚೇರಿ ಕೇಳುವ ಅಭ್ಯಾಸವಿರುವವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಹಿಂದಿನ ತಲೆಮಾರಿನ ದೊಡ್ಡ ಕಚೇರಿಗಳಲ್ಲಿ ಎಷ್ಟೋ ಇಂದು ಕೇಳಲು ಸಿಗುತ್ತಿದ್ದರೆ ಅದಕ್ಕೆ ಕಾರಣ ಸಭೆಯಲ್ಲಿ ಕುಳಿತಿದ್ದ ರಸಿಕರ ಟೇಪ್ ರೆಕಾರ್ಡರುಗಳು. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲು ಮೂರು ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ತಾಸುಗಟ್ಟಲೆ ಸಾಗುವ ರಾಗ-ತಾನ-ಪಲ್ಲವಿಯನ್ನು ಅದರಲ್ಲಿ ತುಂಬುವುದು ಹೇಗೆ? ಸ್ಪೂಲ್ ಟೇಪು, ಆಮೇಲೆ ಕ್ಯಾಸೆಟ್ ಬಂದಾಗ ರಸಿಕರು ಆ ಕೆಲಸವನ್ನು ತಾವೇ ಕೈಗೆತ್ತಿಕೊಂಡರು. ಆ ಟೇಪುಗಳಲ್ಲಿ ಪಕ್ಕದವರ ‘ಭೇಷ್’ ಕೇಳಿಸುತ್ತದೆ, ತೊಡೆ ತಟ್ಟಿ ತಾಳ ಹಾಕುವ ಸದ್ದು ಕೇಳಿಸುತ್ತದೆ, ವಿದ್ವಾಂಸರ ಮನೋಧರ್ಮ ಅರಳುವುದೂ ಕೇಳಿಸುತ್ತದೆ.

ಸುಮಾರು ಅದೇ ಕಾಲದಲ್ಲಿ ಇಂಗ್ಲೆಂಡ್, ಅಮೆರಿಕಗಳ ರಾಕ್ ಕೇಳುಗರೂ ಇದೇ ಕೆಲಸ ಮಾಡಿದರು. ಅದರ ಫಲವನ್ನೇ ಆಡಿಯನ್ಸ್ ರೆಕಾರ್ಡಿಂಗ್ ಎನ್ನುತ್ತಾರೆ: ಸಭಿಕರ ನಡುವೆ ಕುಳಿತವರೊಬ್ಬರು ತಮ್ಮದೇ ಮೈಕಿನಿಂದ ಮುದ್ರಿಸಿಕೊಂಡ ಸಂಗೀತ. ಹಾಸನದ ಕಾಲೇಜು ವಿದ್ಯಾರ್ಥಿಗಳು ಈಗ ಪಿಂಕ್ ಫ್ಲಾಯ್ಡ್, ಜೆನೆಸಿಸ್, ಕಿಂಗ್ ಕ್ರಿಮ್ಸನ್ ತಂಡಗಳ ಇಂಥ ಮುದ್ರಣಗಳನ್ನು ಮೊಬೈಲಿನಲ್ಲೇ ಕೇಳಬಹುದು. ಮೊದಲ ಸಲ ಕೇಳಿದವರ ಪ್ರಶ್ನೆ ಸಹಜವಾದದ್ದೇ. ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕುಳಿತು ತಿದ್ದಿ ತೀಡಿದ ಆಲ್ಬಂ ಕೈಯಲ್ಲಿರುವಾಗ ಕೆಮ್ಮು, ಶಿಳ್ಳೆ, ಟೇಪಿನ ಸುಯ್ಯೆನ್ನುವ ಸದ್ದು ತುಂಬಿದ ಇದನ್ನು ಯಾರು ಏಕೆ ಕೇಳಬೇಕು?

ಒಂದು ಸಂಗೀತ ಒಂದು ಸಂಜೆ ಒಂದು ಸಭಾಂಗಣದ ಒಂದು ಜಾಗದಲ್ಲಿ ಹೇಗೆ ಕೇಳಿಸಿತು ಎಂಬುದಕ್ಕೆ ಇದು ಸಾಕ್ಷ್ಯ. ಪ್ರೋಗ್ರೆಸಿವ್ ರಾಕ್ ಮಟ್ಟಿಗಂತೂ ಈ ಸಾಕ್ಷ್ಯವಿಲ್ಲದೆ ಆ ಸಂಗೀತದ ಅರ್ಧ ಚರಿತ್ರೆಯೇ ನಮಗೆ ತಿಳಿಯುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ. ಆ ಸಾಕ್ಷ್ಯವನ್ನು ಓದಲು ಸ್ವಲ್ಪ ತಿಳಿವಳಿಕೆ ಬೇಕು. ಧ್ವನಿ ಹೇಗೆ ಚಲಿಸುತ್ತದೆ, ಟೇಪು ಏನು ಮಾಡುತ್ತದೆ, ಸಭಾಂಗಣ ಏನನ್ನು ಸೇರಿಸುತ್ತದೆ ಎಂಬುದು ತಿಳಿದ ಮೇಲೆ ಗದ್ದಲವೆಂದು ತೋರಿದ್ದರಲ್ಲಿಯೇ ಮಾಹಿತಿ ಕಾಣತೊಡಗುತ್ತದೆ.

ಮೊದಲು ಆ ಸಂಗೀತದ ವಿಷಯ. ಪ್ರೋಗ್ರೆಸಿವ್ ರಾಕ್ ರೂಪ ತಳೆದದ್ದು 1960ರ ದಶಕದ ಕೊನೆಯಲ್ಲಿ, ಮುಖ್ಯವಾಗಿ ಇಂಗ್ಲೆಂಡಿನಲ್ಲಿ. ರೇಡಿಯೋಗೆ ಹೊಂದುವ ಮೂರು ನಿಮಿಷದ ಹಾಡನ್ನು ಬಿಟ್ಟು ಈ ತಂಡಗಳು ಎಲ್‌ಪಿಯ (ಹೆಚ್ಚು ಹೊತ್ತು ನುಡಿಯುವ ತಟ್ಟೆಯ) ಇಡೀ ಮಗ್ಗುಲನ್ನು ತುಂಬುವ ರಚನೆಗಳನ್ನು ಕಟ್ಟಿದವು. ಯೆಸ್ ತಂಡದ 1972ರ ಒಂದು ರಚನೆ 18 ನಿಮಿಷ ದಾಟುತ್ತದೆ. ಅದೇ ವರ್ಷದ ಜೆನೆಸಿಸ್‌ನ ಒಂದು ರಚನೆ ಸುಮಾರು 23 ನಿಮಿಷದ್ದು. ಲಯದಲ್ಲಿಯೂ ಇವರು ನಾಲ್ಕರ ಎಣಿಕೆಗೆ ಅಂಟಿಕೊಳ್ಳಲಿಲ್ಲ. ಪಿಂಕ್ ಫ್ಲಾಯ್ಡ್‌ನ ‘ಮನಿ’ ಏಳರ ಎಣಿಕೆಯಲ್ಲಿ ಸಾಗುತ್ತದೆ. ಮಿಶ್ರಛಾಪು ಕೇಳಿ ಬೆಳೆದ ನಮ್ಮ ಕಿವಿಗೆ ಅದು ಅಪರಿಚಿತವಲ್ಲ. ಗಿಟಾರಿನ ಸರದಿ ಬಂದಾಗ ಅದು ನಾಲ್ಕಕ್ಕೆ ತಿರುಗುವುದನ್ನೂ ನಾವು ಬೇಗ ಗುರುತಿಸುತ್ತೇವೆ. ಜೆನೆಸಿಸ್ ಒಂಬತ್ತನ್ನು ಬಳಸಿತು, ಕಿಂಗ್ ಕ್ರಿಮ್ಸನ್ ಹದಿಮೂರನ್ನೂ ಬಳಸಿತು. ಬೆಂಗಳೂರಿನ ಅಗಂ ತಂಡ ತನ್ನ ಸಂಗೀತವನ್ನು ಕರ್ನಾಟಕ ಸಂಗೀತದ ಪ್ರೋಗ್ರೆಸಿವ್ ರಾಕ್ ಎಂದು ಕರೆದುಕೊಳ್ಳುವುದರ ಹಿಂದೆ ಈ ನಂಟು ಇದೆ.

ಇಷ್ಟು ಸಂಕೀರ್ಣವಾದ ರಚನೆಗಳು ಸ್ಟುಡಿಯೋದಲ್ಲಿ ಒಮ್ಮೆಲೇ ಹುಟ್ಟಲಿಲ್ಲ. ಎಷ್ಟೋ ರಚನೆಗಳು ವೇದಿಕೆಯ ಮೇಲೆ, ಸಭಿಕರ ಎದುರಿಗೆ ಬೆಳೆದವು. ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಂ ಅಂಗಡಿಗೆ ಬಂದದ್ದು 1973ರ ಮಾರ್ಚ್‌ನಲ್ಲಿ. ತಂಡ ಅದನ್ನು 1972ರ ಜನವರಿಯಿಂದಲೇ ಊರೂರಿನಲ್ಲಿ ನುಡಿಸುತ್ತಿತ್ತು. ಆಗಿನ ಸಭಿಕರ ಟೇಪುಗಳನ್ನು ಕೇಳಿದರೆ ಅಚ್ಚರಿಯಾಗುತ್ತದೆ. ಆಲ್ಬಂನಲ್ಲಿ ಸಿಂಥಸೈಜರ್ ಮಿಂಚಿನಂತೆ ಓಡುವ ಭಾಗದ ಜಾಗದಲ್ಲಿ ಆಗ ಗಿಟಾರ್ ಮತ್ತು ಕೀಬೋರ್ಡಿನ ಬೇರೆಯೇ ಒಂದು ಮನೋಧರ್ಮದ ವಾದನವಿತ್ತು. ಮಹಿಳೆಯೊಬ್ಬರ ಕಂಠ ಮುಗಿಲಿಗೇರುವ ಪ್ರಸಿದ್ಧ ಭಾಗದ ಜಾಗದಲ್ಲಿ ಆರ್ಗನ್ ವಾದನವೂ ಅದರೊಂದಿಗೆ ಬೈಬಲ್ ಪಠಣದ ಟೇಪೂ ಇದ್ದವು. ಜಗತ್ತು ಕಂಠಪಾಠ ಮಾಡಿಕೊಂಡಿರುವ ಒಂದು ಕೃತಿ ಹಾಗೆ ಇರಲೇಬೇಕೆಂದೇನೂ ಇರಲಿಲ್ಲ, ಅದು ನಿಧಾನವಾಗಿ ಹಾಗೆ ಆಯಿತು ಎಂಬುದನ್ನು ಆ ಟೇಪುಗಳು ತೋರಿಸುತ್ತವೆ.

1974ರ ನವೆಂಬರ್ 19ರಂದು ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ನಡೆದ ಅದೇ ತಂಡದ ಕಾರ್ಯಕ್ರಮವನ್ನು ಸಭಿಕರೊಬ್ಬರು ಮುದ್ರಿಸಿಕೊಂಡರು. ಅದು ಕಳ್ಳ ಎಲ್‌ಪಿಯಾಗಿ ಮಾರುಕಟ್ಟೆಗೆ ಬಂತು. ಅದರಲ್ಲಿದ್ದ ಮೂರು ಹೊಸ ರಚನೆಗಳಲ್ಲಿ ಒಂದು ಕೂಡ ಆಗಿನ್ನೂ ಯಾವ ಆಲ್ಬಂನಲ್ಲೂ ಬಂದಿರಲಿಲ್ಲ. ತಂಡದ ಹೊಸ ಆಲ್ಬಂ ಇದೇ ಎಂದು ನಂಬಿ ಕೊಂಡವರೂ ಇದ್ದರು. ಒಂದು ರಚನೆ 1975ರ ಆಲ್ಬಂ ಸೇರಿತು. ಉಳಿದೆರಡು ಹೆಸರು, ಸಾಹಿತ್ಯ ಎರಡನ್ನೂ ಬದಲಿಸಿಕೊಂಡು 1977ರಲ್ಲಿ ಹೊರಬಂದವು. ಅನುಮತಿಯಿಲ್ಲದೆ ಮಾರಿದ ಆ ಎಲ್‌ಪಿಯಿಂದ ತಂಡಕ್ಕೆ ಅನ್ಯಾಯವಾಯಿತೆಂಬುದರಲ್ಲಿ ನನಗೆ ಅನುಮಾನವಿಲ್ಲ. ಅದರ ಹಿಂದಿನ ಟೇಪು ಇಲ್ಲದಿದ್ದರೆ ಆ ರಚನೆಗಳು ಬೆಳೆದ ಬಗೆ ಕೇಳುಗರಿಗೆ ದಕ್ಕುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಈಗ ಧ್ವನಿಯ ವಿಷಯಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಹೆಚ್ಚು ಆಸಕ್ತಿ ಇರುವುದು ಇಲ್ಲಿ.

ಹಾಸನದ ಯಾವುದಾದರೂ ದೊಡ್ಡ ಕಲ್ಯಾಣ ಮಂಟಪವನ್ನು ಕಣ್ಣೆದುರಿಗೆ ತಂದುಕೊಳ್ಳಿ. ನುಣುಪು ನೆಲ, ಸಿಮೆಂಟಿನ ಗೋಡೆ, ಎತ್ತರದ ಚಾವಣಿ, ಎರಡೂ ಪಕ್ಕ ಗಾಜಿನ ಕಿಟಕಿ. ವೇದಿಕೆಯ ಮೇಲೆ ಒಂದು ತಂಡ ನುಡಿಸುತ್ತಿದೆ, ನೀವು 30 ಮೀಟರ್ ದೂರದಲ್ಲಿದ್ದೀರಿ. ಸಾಧಾರಣ ಹವೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಅಂದರೆ ಡ್ರಮ್ಮಿನ ಕೋಲು ಬಿದ್ದ ಮೇಲೆ ಸುಮಾರು 88 ಮಿಲಿಸೆಕೆಂಡ್ ಕಳೆದು ಪೆಟ್ಟು ನಿಮಗೆ ಕೇಳಿಸುತ್ತದೆ. ಅದರ ಬೆನ್ನಿಗೇ ಪಕ್ಕದ ಗೋಡೆಗೆ ಬಡಿದು ಬಂದ ಅದೇ ಪೆಟ್ಟು, ಚಾವಣಿಯಿಂದ ಬಂದ ಅದೇ ಪೆಟ್ಟು, ಹಿಂದಿನ ಗೋಡೆಯಿಂದ ಬಂದ ಅದೇ ಪೆಟ್ಟು ಒಂದಾದ ಮೇಲೊಂದರಂತೆ ತಲುಪುತ್ತವೆ. ಬೇಗ ಬಂದವು ಮೂಲದೊಂದಿಗೆ ಬೆರೆತು ಅದಕ್ಕೆ ತೂಕ ಕೊಡುತ್ತವೆ. ತಡವಾಗಿ ಬಂದವು ಬಾಲದಂತೆ ಎಳೆದುಕೊಳ್ಳುತ್ತವೆ. ಈ ಬಾಲವೇ ಅನುರಣನ.

ಎದುರಿಗೆ ಕುಳಿತ ಕೇಳುಗರ ಮಿದುಳು ಈ ಗೊಂದಲವನ್ನು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಎರಡು ಕಿವಿ, ತಿರುಗುವ ತಲೆ, ವೇದಿಕೆಯನ್ನು ನೋಡುವ ಕಣ್ಣು ಇವೆಲ್ಲ ಅದಕ್ಕೆ ನೆರವಾಗುತ್ತವೆ. ಮೈಕಿಗೆ ಆ ಸೌಲಭ್ಯವಿಲ್ಲ. ಅದು ಬಂದದ್ದನ್ನೆಲ್ಲ ಒಂದೇ ಸಮ ಹಿಡಿಯುತ್ತದೆ. ಆದ್ದರಿಂದ ಅದೇ ಜಾಗದಲ್ಲಿ ಕುಳಿತು ಕೇಳಿದಾಗ ಸೊಗಸಾಗಿದ್ದ ಸಂಗೀತ ಮುದ್ರಣದಲ್ಲಿ ಬಾವಿಯೊಳಗಿಂದ ಬಂದಂತೆ ಕೇಳಿಸುತ್ತದೆ. ಒಳ್ಳೆಯ ಮುದ್ರಣಕಾರರು ಸ್ಪೀಕರಿನಿಂದ ನೇರವಾಗಿ ಬರುವ ಶಬ್ದ ಹೆಚ್ಚು, ಗೋಡೆಗಳಿಂದ ಬರುವ ಶಬ್ದ ಕಡಿಮೆ ಇರುವ ಜಾಗವನ್ನು ಹುಡುಕುತ್ತಾರೆ. ಸಾಮಾನ್ಯವಾಗಿ ಅದು ಧ್ವನಿ ಎಂಜಿನಿಯರ್ ಕೂರುವ ಜಾಗಕ್ಕೆ ಸ್ವಲ್ಪ ಮುಂದೆ, ನಟ್ಟನಡುವೆ ಇರುತ್ತದೆ. ಎಂಜಿನಿಯರ್ ತನ್ನ ಕಿವಿಗೆ ಸರಿಯಾಗಿ ಕೇಳುವಂತೆ ಇಡೀ ಧ್ವನಿಯನ್ನು ಹೊಂದಿಸುವುದರಿಂದ ಆ ಕಿವಿಯ ನೆರೆಯಲ್ಲಿರುವುದು ಲಾಭ. ಮೂಲೆಯಲ್ಲಿ ನಿಂತರೆ ಮಂದ್ರ ಸ್ವರಗಳು ಉಬ್ಬಿ ಎಲ್ಲವನ್ನೂ ಮುಚ್ಚಿಬಿಡುತ್ತವೆ. ಬಾಲ್ಕನಿಯ ಕೆಳಗೆ ತಾರದ ಹೊಳಪು ಮಂಕಾಗುತ್ತದೆ. ಇನ್ನೊಂದು ಮಾತು: ಮನುಷ್ಯರ ಮೈ, ಬಟ್ಟೆ ಶಬ್ದವನ್ನು ಹೀರಿಕೊಳ್ಳುತ್ತವೆ. ಹಾಸನಾಂಬ ಕಲಾಕ್ಷೇತ್ರವಾಗಲಿ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರವಾಗಲಿ, ಯಾವುದೇ ಸಭಾಂಗಣ ತುಂಬಿದ್ದಾಗ ಒಂದು ಬಗೆಯಲ್ಲಿ, ಖಾಲಿ ಇದ್ದಾಗ ಇನ್ನೊಂದು ಬಗೆಯಲ್ಲಿ ನುಡಿಯುತ್ತದೆ. ಕಿವಿ ಪಳಗಿದರೆ ಮುದ್ರಣ ಕೇಳಿಯೇ ಅಂದು ಜನ ತುಂಬಿದ್ದರೇ ಇಲ್ಲವೇ ಎಂದು ಅಂದಾಜು ಮಾಡಬಹುದು.

ಬಯಲಿನಲ್ಲಿ ಗೋಡೆಗಳ ಕಾಟವಿಲ್ಲ, ಆದರೆ ಶಬ್ದ ಬೇಗ ಬಡವಾಗುತ್ತದೆ. ದೂರ ಇಮ್ಮಡಿಯಾದಾಗ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಜೊತೆಗೆ ಗಾಳಿ. ಚಿಕ್ಕಮಗಳೂರಿನ ಬಯಲಿನಲ್ಲಿ ಸಂಜೆಯ ಗಾಳಿ ಮೈಕಿನ ಮೇಲೆ ನೇರವಾಗಿ ಬೀಸಿದರೆ ಗುಡುಗಿನಂಥ ಸದ್ದು ಬರುತ್ತದೆ. ಮೈಕಿಗೆ ಸ್ಪಂಜಿನ ಟೋಪಿ ತೊಡಿಸದೆ ಬೇರೆ ದಾರಿಯಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ತಗಡಿನ ಚಾವಣಿಯ ಕೆಳಗೆ ಮುದ್ರಿಸುವ ಆಸೆಯನ್ನೇ ಬಿಡುವುದು ಒಳ್ಳೆಯದು.

ದೂರದ ಈ ಲೆಕ್ಕ ಇನ್ನೊಂದು ಒಗಟನ್ನೂ ಬಿಡಿಸುತ್ತದೆ. ದೊಡ್ಡ ಮೈದಾನದ ಮುದ್ರಣಗಳಲ್ಲಿ ಜನರ ಚಪ್ಪಾಳೆ ತಾಳಕ್ಕಿಂತ ಹಿಂದೆ ಬೀಳುತ್ತಿರುವಂತೆ ಕೇಳಿಸುತ್ತದೆ. ಅದು ಜನರ ತಪ್ಪಲ್ಲ. ವೇದಿಕೆಯಿಂದ 68 ಮೀಟರ್ ದೂರದಲ್ಲಿರುವವರಿಗೆ ತಾಳ ತಲುಪುವುದೇ 200 ಮಿಲಿಸೆಕೆಂಡ್ ತಡವಾಗಿ. ಅವರು ತಮಗೆ ಕೇಳಿದ ತಾಳಕ್ಕೆ ಸರಿಯಾಗಿಯೇ ತಟ್ಟಿದರೂ ಮುಂದಿನ ಸಾಲಿನ ಬಳಿಯ ಮೈಕಿಗೆ ಅದು ಇನ್ನೂ ತಡವಾಗಿ ಬಂದು ಸೇರುತ್ತದೆ. ಏಳರ ಎಣಿಕೆಯ ರಚನೆಯಾದರೆ ಈ ಗೊಂದಲ ಇನ್ನಷ್ಟು ಹೆಚ್ಚುತ್ತದೆ.

ಪ್ರೋಗ್ರೆಸಿವ್ ರಾಕನ್ನು ಮುದ್ರಿಸುವುದು ಬೇರೆ ರಾಕ್ ಸಂಗೀತಕ್ಕಿಂತ ಕಷ್ಟ. ಅದರ ಸದ್ದಿನ ಏರಿಳಿತ ಅಷ್ಟು ದೊಡ್ಡದು. ಒಂದೇ ರಚನೆಯಲ್ಲಿ ಒಂದು ಗಿಟಾರಿನ ತಂತಿ ಮೆಲ್ಲಗೆ ಮಿಡಿಯುವ ಭಾಗವೂ ಇರುತ್ತದೆ, ಇಡೀ ತಂಡ ಒಟ್ಟಿಗೆ ಸಿಡಿಯುವ ಭಾಗವೂ ಇರುತ್ತದೆ. ರಾಕ್ ಕಾರ್ಯಕ್ರಮದ ಅಬ್ಬರದಲ್ಲಿ ಸದ್ದು 100 ಡೆಸಿಬಲ್ ದಾಟುವುದುಂಟು. ಒಂದು ಮೀಟರ್ ದೂರದ ಸಾಧಾರಣ ಮಾತು ಸುಮಾರು 60 ಡೆಸಿಬಲ್. ಅಬ್ಬರದ ಭಾಗದಲ್ಲಿ ಪಕ್ಕದವರ ಮಾತು ಸಂಪೂರ್ಣ ಮುಳುಗಿಹೋಗುತ್ತದೆ. ತಂತಿ ಮಿಡಿಯುವ ಭಾಗ ಬಂದಾಗ ಅದೇ ಮಾತು ಸಂಗೀತಕ್ಕಿಂತ ಮೇಲೆ ಏಳುತ್ತದೆ, ಏಕೆಂದರೆ ಮಾತನಾಡುವವರು ಮೈಕಿಗೆ ವೇದಿಕೆಗಿಂತ ಎಷ್ಟೋ ಹತ್ತಿರದಲ್ಲಿದ್ದಾರೆ. ಮೆಲುದನಿಯ ಭಾಗವನ್ನು ಹಾಳುಮಾಡಿದ ಮಾತುಗಾರರ ಮೇಲೆ ಕೇಳುಗರಿಗೆ ಐವತ್ತು ವರ್ಷದ ಮೇಲೂ ಕೋಪ ಬರುವುದು ನ್ಯಾಯವೇ. ಕಾರ್ಯಕ್ರಮಕ್ಕೆ ಹೋದಾಗ ಅಂಥ ಭಾಗ ಬಂದರೆ ಸುಮ್ಮನಿರಿ ಎಂದು ಹಾಸನದ ಕಿರಿಯರಿಗೆ ನಾನು ಹೇಳುವುದುಂಟು.

ಕ್ಯಾಸೆಟ್ ಈ ಏರಿಳಿತವನ್ನು ಹಿಡಿಯಲು ಹೆಣಗಾಡುತ್ತಿತ್ತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕಾಂಪ್ಯಾಕ್ಟ್ ಕ್ಯಾಸೆಟ್‌ನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ ಸರಿಯುತ್ತದೆ. ಆ ನಿಧಾನಗತಿಯಲ್ಲಿ ಟೇಪಿನ ಸ್ವಂತ ಸುಯ್ಯೆನ್ನುವ ಸದ್ದು ಬಹಳ ಕೆಳಗೇನೂ ಇರುವುದಿಲ್ಲ. ಅಬ್ಬರಕ್ಕೆ ಮಟ್ಟ ಹೊಂದಿಸಿದರೆ ಮೆಲುಭಾಗ ಆ ಸುಯ್ಯಿನಲ್ಲಿ ಮುಳುಗುತ್ತದೆ. ಮೆಲುಭಾಗಕ್ಕೆ ಹೊಂದಿಸಿದರೆ ಅಬ್ಬರ ಬಿರಿದು ಒಡೆಯುತ್ತದೆ. ಇನ್ನೊಂದು ತೊಡಕು ಟೇಪಿನ ಉದ್ದ. 90 ನಿಮಿಷದ ಕ್ಯಾಸೆಟ್ ಒಂದು ಮಗ್ಗುಲಿಗೆ 45 ನಿಮಿಷ. ಮೂರು ನಿಮಿಷದ ಹಾಡುಗಳಾದರೆ ಎರಡು ಹಾಡುಗಳ ನಡುವೆ ಮಗ್ಗುಲು ಬದಲಿಸಬಹುದು. 23 ನಿಮಿಷದ ರಚನೆಯ ನಡುವೆ ಟೇಪು ಮುಗಿದರೆ? ಕತ್ತಲಲ್ಲಿ, ಕಾವಲುಗಾರರ ಕಣ್ಣು ತಪ್ಪಿಸಿ, ಬೆರಳಿನ ಅಂದಾಜಿನಲ್ಲೇ ತಿರುಗಿಸಿ ಹಾಕಬೇಕು. ಹಳೆಯ ಮುದ್ರಣಗಳಲ್ಲಿ ರಚನೆಯ ನಟ್ಟನಡುವೆ ಬರುವ ಆ ಕತ್ತರಿಗೆ ಇದೇ ಕಾರಣ. ಅದೇ ಸಂಜೆ ಬೇರೊಬ್ಬರು ಬೇರೆ ಸಾಲಿನಿಂದ ಮುದ್ರಿಸಿದ್ದರೆ ಆ ತುಂಡನ್ನು ಅವರ ಟೇಪಿನಿಂದ ತಂದು ಹೊಲಿಯುತ್ತಾರೆ. ಗಮನವಿಟ್ಟು ಕೇಳಿದರೆ ಕೆಲವು ಸೆಕೆಂಡುಗಳ ಕಾಲ ಇಡೀ ಸಭಾಂಗಣವೇ ಬದಲಾದಂತೆ ಅನಿಸುತ್ತದೆ.

ಟೇಪಿನ ವೇಗದ ಕಥೆ ಇನ್ನೂ ಸ್ವಾರಸ್ಯದ್ದು. ಬ್ಯಾಟರಿ ಇಳಿದಾಗ ರೆಕಾರ್ಡರಿನ ಮೋಟಾರು ನಿಧಾನವಾಗುತ್ತದೆ. ಹಾಗೆ ಮುದ್ರಿಸಿದ ಟೇಪನ್ನು ಸರಿಯಾದ ವೇಗದಲ್ಲಿ ಕೇಳಿದರೆ ಸಂಗೀತ ಓಡುತ್ತದೆ, ಶ್ರುತಿ ಏರುತ್ತದೆ. ವೇಗ ಶೇಕಡ 6ರಷ್ಟು ಹೆಚ್ಚಿದರೆ ಶ್ರುತಿ ಇಡೀ ಒಂದು ಸ್ವರಸ್ಥಾನ ಮೇಲೆ ಹೋಗುತ್ತದೆ. ತಿದ್ದುವವರಿಗೆ ಆಧಾರ ಯಾವುದು? ಟೇಪಿನಲ್ಲೇ ಅಡಗಿರುವ ವಿದ್ಯುತ್ತಿನ ಗುಂಯ್‌ಗುಡುವಿಕೆ ಅವರಿಗೆ ದಾರಿ ತೋರಿಸುತ್ತದೆ. ಇಂಗ್ಲೆಂಡಿನಲ್ಲೂ ನಮ್ಮಲ್ಲೂ ವಿದ್ಯುತ್ತು ಸೆಕೆಂಡಿಗೆ 50 ಆವರ್ತ, ಅಮೆರಿಕದಲ್ಲಿ 60. ಆಂಪ್ಲಿಫೈಯರಿನಿಂದ ಸೋರುವ ಆ ಗುಂಯ್ ಟೇಪಿನಲ್ಲಿ 52 ಆವರ್ತವಾಗಿ ಕಂಡರೆ ವೇಗ ಶೇಕಡ 4 ಹೆಚ್ಚಾಗಿದೆ ಎಂದರ್ಥ. ಆ ಕಾಲದ ತಂಡಗಳ ಪ್ರೀತಿಯ ವಾದ್ಯವಾಗಿದ್ದ ಹ್ಯಾಮಂಡ್ ಆರ್ಗನ್ನಿನ ಶ್ರುತಿಯೂ ವಿದ್ಯುತ್ತಿನ ಆವರ್ತಕ್ಕೇ ಕಟ್ಟುಬಿದ್ದಿರುವುದರಿಂದ ಅದೂ ಸಾಕ್ಷಿ ಹೇಳುತ್ತದೆ. ಮೆಲೊಟ್ರಾನ್ ಎಂಬ ವಾದ್ಯವನ್ನು ಮಾತ್ರ ನಂಬುವಂತಿಲ್ಲ. ಅದರ ಒಂದೊಂದು ಕೀಲಿಯ ಕೆಳಗೂ ಸುಮಾರು ಎಂಟು ಸೆಕೆಂಡಿನ ಒಂದು ಟೇಪಿನ ಪಟ್ಟಿ ಇರುತ್ತದೆ. ಕೀಲಿ ಒತ್ತಿದರೆ ಮೊದಲೇ ಮುದ್ರಿಸಿಟ್ಟ ಪಿಟೀಲು ಅಥವಾ ಕೊಳಲಿನ ಸ್ವರ ಬರುತ್ತದೆ. ವೇದಿಕೆಯ ಸೆಕೆಗೆ, ತೇವಕ್ಕೆ ಅದರ ಶ್ರುತಿ ಸುಲಭವಾಗಿ ಜಾರುತ್ತಿತ್ತು. ಆಲ್ಬಂನಲ್ಲಿ ಗಂಭೀರವಾಗಿ ಹರಡುವ ಆ ವಾದ್ಯ ಸಭಿಕರ ಟೇಪಿನಲ್ಲಿ ಅಲ್ಲಲ್ಲಿ ನಡುಗುವುದನ್ನು ಕೇಳಿದಾಗ ನುಡಿಸುವವರು ಎಂಥ ಕಷ್ಟದಲ್ಲಿದ್ದರು ಎಂಬುದು ಅರಿವಾಗುತ್ತದೆ.

ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿ ಮಾಡಿದಂತೆಲ್ಲ ಸುಯ್ಯೆನ್ನುವ ಸದ್ದು ಸೇರುತ್ತಾ ಹೋಗುತ್ತದೆ, ತಾರದ ಹೊಳಪು ಸವೆಯುತ್ತದೆ. ಆದ್ದರಿಂದ ಸಂಗ್ರಹಕಾರರು ಕೇಳುವ ಮೊದಲ ಪ್ರಶ್ನೆ: ಇದು ಮೂಲ ಟೇಪೋ, ಮೊದಲ ತಲೆಮಾರಿನ ಪ್ರತಿಯೋ, ನಾಲ್ಕನೆಯದೋ? ಮೂಲದಿಂದ ಕಂಪ್ಯೂಟರಿನವರೆಗೆ ಯಾವ ಯಾವ ಹಂತ ದಾಟಿ ಬಂತು ಎಂಬ ವಂಶಾವಳಿಯನ್ನು ಬರೆದಿಡುವುದು ಅವರಲ್ಲಿ ನೇಮವೇ ಆಗಿದೆ. ಒಮ್ಮೆ ಡಿಜಿಟಲ್ ಆದ ಮೇಲೆ ಫ್ಲ್ಯಾಕ್ ಎಂಬ ಕಡತದ ರೂಪದಲ್ಲಿ ಇಟ್ಟರೆ ಎಷ್ಟು ಪ್ರತಿ ಮಾಡಿದರೂ ಏನೂ ನಷ್ಟವಾಗದು. ಎಂಪಿ3 ಹಾಗಲ್ಲ, ಕಿವಿಗೆ ಕೇಳಿಸದು ಎಂದು ಅದು ಊಹಿಸಿದ್ದನ್ನು ಕಡಿದು ಬಿಸಾಡುತ್ತದೆ, ಬಿಸಾಡಿದ್ದು ಮತ್ತೆ ಬರುವುದಿಲ್ಲ.

ಇನ್ನು ಸೌಂಡ್‌ಬೋರ್ಡ್ ಮುದ್ರಣ. ವೇದಿಕೆಯ ಮೈಕುಗಳೆಲ್ಲ ಸೇರುವ ಮಿಕ್ಸರಿನಿಂದ ನೇರವಾಗಿ ತಂತಿ ಎಳೆದು ಮುದ್ರಿಸುವುದು. ಗದ್ದಲವಿಲ್ಲ, ಗೋಡೆಯಿಲ್ಲ, ಎಲ್ಲ ಸ್ಪಷ್ಟ. ಹಾಗಾಗಿ ಅದೇ ಶ್ರೇಷ್ಠವೆಂಬ ನಂಬಿಕೆ ಬಲವಾಗಿದೆ. ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಸಣ್ಣ ಸಭಾಂಗಣದಲ್ಲಿ ಡ್ರಮ್ಮಿನ, ಗಿಟಾರ್ ಆಂಪ್ಲಿಫೈಯರಿನ ಸದ್ದು ತಾನಾಗಿಯೇ ಸಾಕಷ್ಟು ದೊಡ್ಡದಿರುತ್ತದೆ. ಎಂಜಿನಿಯರ್ ಅವನ್ನು ಮಿಕ್ಸರಿನಲ್ಲಿ ಹೆಚ್ಚು ಎತ್ತುವುದಿಲ್ಲ. ಹಾಡುವವರ ಧ್ವನಿಯನ್ನು ಎತ್ತುತ್ತಾರೆ. ಸಭೆಯಲ್ಲಿ ಎಲ್ಲವೂ ಹದವಾಗಿ ಬೆರೆತು ಕೇಳಿಸುತ್ತದೆ, ಆದರೆ ಮಿಕ್ಸರಿನ ಟೇಪಿನಲ್ಲಿ ಗಾಯಕ ಒಬ್ಬನೇ ಮುಂದೆ ನಿಂತು ಗಿಟಾರು ಎಲ್ಲೋ ಹಿತ್ತಲಲ್ಲಿ ಉಳಿದಂತೆ ಇರುತ್ತದೆ. ಕಿಂಗ್ ಕ್ರಿಮ್ಸನ್ 1972ರಲ್ಲಿ ಹೊರತಂದ ‘ಅರ್ತ್‌ಬೌಂಡ್’ ತಂಡವೇ ಮಿಕ್ಸರಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡದ್ದು. ಅದರ ಧ್ವನಿಯ ಗುಣಮಟ್ಟ ಸಾಲದೆಂದು ಅಮೆರಿಕದ ಕಂಪನಿ ಅದನ್ನು ಪ್ರಕಟಿಸಲು ಒಪ್ಪಲಿಲ್ಲ. ಎಲ್ಲಿಂದ ಮುದ್ರಿಸಿದರು ಎಂಬುದರಷ್ಟೇ ಯಾವ ಯಂತ್ರದಲ್ಲಿ, ಯಾವ ಕಾಳಜಿಯಿಂದ ಮುದ್ರಿಸಿದರು ಎಂಬುದೂ ಮುಖ್ಯ.

ಎರಡನ್ನೂ ಬೆರೆಸಿದರೆ ಮ್ಯಾಟ್ರಿಕ್ಸ್. ಮಿಕ್ಸರಿನ ಸ್ಪಷ್ಟತೆ, ಸಭೆಯ ಉಸಿರು ಎರಡೂ ಸಿಗುತ್ತವೆ. ಬೆರೆಸುವ ಕೆಲಸ ಮಾತ್ರ ಸಲೀಸಲ್ಲ. ಸಭೆಯ ಮೈಕಿಗೆ ಶಬ್ದ ತಡವಾಗಿ ತಲುಪಿರುತ್ತದೆ. ಆ ಅಂತರವನ್ನು ಮೊದಲು ಕಳೆಯಬೇಕು. ಆಮೇಲೆ ಎರಡು ಯಂತ್ರಗಳ ಗಡಿಯಾರಗಳು ಒಂದೇ ಸಮ ಓಡಿರುವುದಿಲ್ಲ. ಹತ್ತು ಲಕ್ಷಕ್ಕೆ 20 ಪಾಲಿನಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆ ಕಳೆಯುವಷ್ಟರಲ್ಲಿ 72 ಮಿಲಿಸೆಕೆಂಡ್ ಬೇರೆಯಾಗಿರುತ್ತವೆ, ಡ್ರಮ್ಮಿನ ಒಂದೊಂದು ಪೆಟ್ಟೂ ಎರಡಾಗಿ ಕೇಳಿಸತೊಡಗುತ್ತದೆ. ಅದನ್ನು ಅಲ್ಲಲ್ಲಿ ಎಳೆದು ಕೂಡಿಸಬೇಕು.

ಈ ಕಲೆಯಲ್ಲಿ ಒಬ್ಬರ ಹೆಸರನ್ನು ಹೇಳದೆ ಮುಂದೆ ಹೋಗಲಾಗದು: ಲಾಸ್ ಏಂಜಲೀಸ್ ಕಡೆಯ ಮೈಕ್ ಮಿಲಾರ್ಡ್. 1970ರ ದಶಕದಲ್ಲಿ ಅವರು ಗಾಲಿಕುರ್ಚಿಯಲ್ಲಿ ಕುಳಿತು, ಅದರಲ್ಲಿ ನಕಮಿಚಿ ಕ್ಯಾಸೆಟ್ ರೆಕಾರ್ಡರ್ ಅಡಗಿಸಿಕೊಂಡು, ಎರಡು ಎಕೆಜಿ ಮೈಕುಗಳಿಂದ ಸ್ಟೀರಿಯೋದಲ್ಲಿ ಮುದ್ರಿಸುತ್ತಿದ್ದರು. ಗಾಲಿಕುರ್ಚಿಯ ನೆಪದಿಂದ ಒಳ್ಳೆಯ ಜಾಗ ಸಿಗುತ್ತಿತ್ತು, ಯಾರೂ ತಪಾಸಣೆಗೆ ಕೈಹಾಕುತ್ತಿರಲಿಲ್ಲ. ಆ ಉಪಾಯವನ್ನು ಮೆಚ್ಚಲಾರೆ, ಆ ಕಿವಿಯನ್ನು ಮೆಚ್ಚದಿರಲಾರೆ. 1975ರ ಏಪ್ರಿಲ್ 26ರಂದು ಲಾಸ್ ಏಂಜಲೀಸ್ ಸ್ಪೋರ್ಟ್ಸ್ ಅರೀನಾದಲ್ಲಿ ಅವರು ಮುದ್ರಿಸಿದ ಪಿಂಕ್ ಫ್ಲಾಯ್ಡ್ ಕಾರ್ಯಕ್ರಮದಲ್ಲಿ ಇನ್ನೂ ನಾಲ್ಕೈದು ತಿಂಗಳ ಮೇಲೆ ಹೊರಬರಬೇಕಿದ್ದ ‘ವಿಶ್ ಯು ವರ್ ಹಿಯರ್’ ಆಲ್ಬಂನ ರಚನೆಗಳಿವೆ. ಮಿಲಾರ್ಡ್ 1994ರಲ್ಲಿ ತೀರಿಕೊಂಡರು. 2025ರ ಡಿಸೆಂಬರ್‌ನಲ್ಲಿ, ಆ ಆಲ್ಬಂನ ಐವತ್ತನೇ ವರ್ಷದ ಆವೃತ್ತಿ ಬಂದಾಗ, ಅದೇ ಟೇಪನ್ನು ಸ್ಟೀವನ್ ವಿಲ್ಸನ್ ಶುದ್ಧಗೊಳಿಸಿಕೊಟ್ಟರು ಮತ್ತು ಅದು ಅಧಿಕೃತವಾಗಿ ಆವೃತ್ತಿಯ ಭಾಗವಾಯಿತು. ವಿಲ್ಸನ್ ಕೂಡ ಪೊರ್ಕ್ಯುಪೈನ್ ಟ್ರೀ ಎಂಬ ಪ್ರೋಗ್ರೆಸಿವ್ ರಾಕ್ ತಂಡವನ್ನು ಕಟ್ಟಿದವರು. ಕದ್ದು ಮುದ್ರಿಸಿದ್ದನ್ನು ಐವತ್ತು ವರ್ಷದ ಮೇಲೆ ತಂಡದ ಹೆಸರಿನಲ್ಲೇ ಹೊರತಂದದ್ದು ಆ ಟೇಪಿನ ಬೆಲೆಯನ್ನು ಹೇಳುತ್ತದೆ.

ಎಲ್ಲ ಸಂಗೀತಗಾರರೂ ಇದನ್ನು ಒಪ್ಪುವುದಿಲ್ಲ. ಕಿಂಗ್ ಕ್ರಿಮ್ಸನ್‌ನ ರಾಬರ್ಟ್ ಫ್ರಿಪ್ ಸಭೆಯಲ್ಲಿ ಮುದ್ರಣವನ್ನೂ ಛಾಯಾಚಿತ್ರವನ್ನೂ ಮೊದಲಿನಿಂದ ವಿರೋಧಿಸಿದವರು. ನುಡಿಸುವವರ ಮತ್ತು ಕೇಳುವವರ ನಡುವಿನ ನಂಬಿಕೆಯನ್ನು ಅದು ಕೆಡಿಸುತ್ತದೆ ಎಂಬುದು ಅವರ ನಿಲುವು. ಅವರೇ 1992ರಲ್ಲಿ ಡೇವಿಡ್ ಸಿಂಗಲ್ಟನ್ ಜೊತೆ ಡಿಜಿಎಂ ಸಂಸ್ಥೆ ಕಟ್ಟಿ ತಂಡದ ಹಳೆಯ ಕಾರ್ಯಕ್ರಮಗಳ ಮುದ್ರಣಗಳನ್ನು ಸರಣಿಯಾಗಿ ಹೊರತಂದರು. 1969ರ ಜುಲೈ 5ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ತಂಡ ನುಡಿಸಿದ್ದೂ ಆ ಸರಣಿಯಲ್ಲಿದೆ. ಅದಕ್ಕೆ ಆಧಾರ ಸಭಿಕರ ಟೇಪು. ಆ ಮೊದಲ ತಂಡ ಅದೇ ವರ್ಷದ ಡಿಸೆಂಬರ್‌ನಲ್ಲಿ ಚದುರಿಹೋಯಿತು. ಟೇಪು ಇಲ್ಲದಿದ್ದರೆ ಆ ಮಧ್ಯಾಹ್ನದ ವಾದನ ಇಂದು ಯಾರಿಗೂ ಕೇಳಿಸುತ್ತಿರಲಿಲ್ಲ. ಗ್ರೇಟ್‌ಫುಲ್ ಡೆಡ್ ತಂಡ ಇನ್ನೊಂದು ದಾರಿ ಹಿಡಿಯಿತು. ಅದು ಪ್ರೋಗ್ರೆಸಿವ್ ರಾಕ್ ತಂಡವಲ್ಲ, ಆದರೂ ಇಲ್ಲಿ ಹೇಳಬೇಕು: 1984ರ ಅಕ್ಟೋಬರ್‌ನಿಂದ ಅದು ತನ್ನ ಕಾರ್ಯಕ್ರಮಗಳಲ್ಲಿ ಮುದ್ರಿಸಿಕೊಳ್ಳುವವರಿಗೆಂದೇ ಬೇರೆ ಜಾಗ ಮೀಸಲಿಟ್ಟಿತು.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಂ ಹಾಡುವವರಿಗೆ, ನುಡಿಸುವವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಕೊಡುತ್ತದೆ. ಅದನ್ನು ಮುದ್ರಿಸುವ, ಪ್ರತಿ ಮಾಡುವ, ಜನರಿಗೆ ಹಂಚುವ ಅಧಿಕಾರ ಅವರದು. 2012ರ ತಿದ್ದುಪಡಿಯಲ್ಲಿ ಬಂದ 38ಎ ಕಲಂ ಇದನ್ನು ಬಿಡಿಸಿ ಹೇಳುತ್ತದೆ. ಮುದ್ರಿಸಿಕೊಂಡವರ ಖಾಸಗಿ ಬಳಕೆಗೆ, ಪ್ರಾಮಾಣಿಕ ಬೋಧನೆಗೆ, ಸಂಶೋಧನೆಗೆ 39ನೇ ಕಲಂ ವಿನಾಯಿತಿ ನೀಡುತ್ತದೆ. ಮನೆಯಲ್ಲಿ ಕೇಳಲು ಮುದ್ರಿಸಿಕೊಳ್ಳುವುದು ಬೇರೆ, ಅಂತರ್ಜಾಲಕ್ಕೆ ಏರಿಸುವುದು ಬೇರೆ. ರಚನಕಾರರ ಹಕ್ಕು, ಟಿಕೆಟ್ಟಿನ ಹಿಂದೆ ಅಚ್ಚಾದ ಷರತ್ತು ಇವು ಪ್ರತ್ಯೇಕವಾಗಿಯೇ ಇರುತ್ತವೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ನೇರವಾದ ದಾರಿ ತಂಡವನ್ನು ಕೇಳುವುದು. ಹಾಸನ, ಚಿಕ್ಕಮಗಳೂರಿನ ಕಾಲೇಜು ಉತ್ಸವಗಳಿಗೆ ಬರುವ ಎಳೆಯ ತಂಡಗಳ ಬಳಿ ತಮ್ಮದೇ ಕಾರ್ಯಕ್ರಮದ ಒಳ್ಳೆಯ ಮುದ್ರಣ ಇರುವುದು ಅಪರೂಪ. ಕೇಳಿದರೆ ಸಂತೋಷದಿಂದ ಒಪ್ಪಬಹುದು.

ಒಪ್ಪಿಗೆ ಸಿಕ್ಕಿದರೆ ಮೊಬೈಲನ್ನು ಜೇಬಿನಲ್ಲೇ ಇಡಿ. ಅದರ ಮೈಕು ಮಾತಿಗೆಂದು ಮಾಡಿದ್ದು. ದೊಡ್ಡ ಸದ್ದು ಬಂದಾಗ ಯಂತ್ರ ತಾನಾಗಿ ಮಟ್ಟ ಇಳಿಸುತ್ತದೆ, ಸದ್ದು ಇಳಿದಾಗ ಮತ್ತೆ ಏರಿಸುತ್ತದೆ. ಡ್ರಮ್ಮಿನ ಒಂದೊಂದು ಪೆಟ್ಟಿಗೂ ಇಡೀ ಸಂಗೀತ ಉಬ್ಬಿ ತಗ್ಗುತ್ತದೆ. ಏರಿಳಿತವೇ ಜೀವಾಳವಾಗಿರುವ ಈ ಸಂಗೀತಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ. ಕೈಯಲ್ಲಿ ಹಿಡಿಯುವಂಥ ಸಣ್ಣ ರೆಕಾರ್ಡರ್ ತನ್ನಿ. ಮಟ್ಟವನ್ನು ತಾನಾಗಿ ಬದಲಿಸುವ ಸೌಲಭ್ಯವನ್ನು ಆಫ್ ಮಾಡಿ, 24 ಬಿಟ್‌ನಲ್ಲಿ (ಸದ್ದಿನ ಏರಿಳಿತವನ್ನು ಸೂಕ್ಷ್ಮವಾಗಿ ಹಿಡಿಯುವ ಡಿಜಿಟಲ್ ಕ್ರಮ), ಅಬ್ಬರದ ತುದಿ ರೆಕಾರ್ಡರಿನ ಮಾಪಕದಲ್ಲಿ ಮೈನಸ್ 12 ಡೆಸಿಬಲ್ ಹತ್ತಿರ, ಅಂದರೆ ಗರಿಷ್ಠ ಮಟ್ಟಕ್ಕಿಂತ 12 ಡೆಸಿಬಲ್ ಕೆಳಗೆ, ನಿಲ್ಲುವಂತೆ ಹೊಂದಿಸಿ. 24 ಬಿಟ್‌ನಲ್ಲಿ ಜಾಗ ಬೇಕಾದಷ್ಟಿದೆ, ಆಮೇಲೆ ಎತ್ತಿಕೊಳ್ಳಬಹುದು, ಒಡೆದುಹೋದದ್ದನ್ನು ಜೋಡಿಸಲಾಗದು. ಎರಡು ಬೇರೆ ಮೈಕುಗಳಿದ್ದರೆ ಫ್ರೆಂಚ್ ಆಕಾಶವಾಣಿಯವರು ರೂಪಿಸಿದ ಕ್ರಮ ಒಳ್ಳೆಯದು: 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನ. ಆ ಅಂತರ ಹೆಚ್ಚುಕಡಿಮೆ ನಮ್ಮ ಎರಡು ಕಿವಿಗಳ ನಡುವಿನದೇ. ತಲೆಯ ಮೇಲೆ ಫ್ಯಾನ್ ತಿರುಗದ ಜಾಗ ನೋಡಿಕೊಳ್ಳಿ. ಬಯಲಿನ ಕಾರ್ಯಕ್ರಮವಾದರೆ ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧ ಇರುವುದರಿಂದ ಕೊನೆಯ ದೀರ್ಘ ರಚನೆ ಬೇಗ ಬರುವುದುಂಟು. ಬ್ಯಾಟರಿ, ಮೆಮೊರಿ ಕಾರ್ಡನ್ನು ಆ ಹೊತ್ತಿಗೆ ಮುಂಚೆಯೇ ನೋಡಿಕೊಂಡಿರಿ. ಸ್ಪೀಕರಿನ ಎದುರೇ ನಿಲ್ಲುವವರು ಕಿವಿಗೆ ಬಿರಡೆ ಹಾಕಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಸಭೆಗಳಿಗೆ ಸೂಚಿಸಿದ ಮಿತಿ ಸರಾಸರಿ 100 ಡೆಸಿಬಲ್.

ಮನೆಗೆ ಬಂದ ಮೇಲೆ ಮೂಲ ಕಡತವನ್ನು ಮುಟ್ಟದೆ ಎರಡು ಬೇರೆ ಕಡೆ ಇಡಿ, ತಿದ್ದುವುದೇನಿದ್ದರೂ ಪ್ರತಿಯಲ್ಲಿ. ಕಡತದ ಹೆಸರಿನಲ್ಲಿ ತಂಡ, ತಾರೀಖು, ಊರು, ಸಭಾಂಗಣ ಇರಲಿ. ಜೊತೆಗೊಂದು ಟಿಪ್ಪಣಿಯಲ್ಲಿ ಮೈಕು ಯಾವುದು, ರೆಕಾರ್ಡರ್ ಯಾವುದು, ವೇದಿಕೆಯಿಂದ ಎಷ್ಟು ದೂರ, ಯಾವ ಸಾಲು, ಏನೇನು ತಿದ್ದಿದ್ದೀರಿ ಎಂದು ಬರೆಯಿರಿ. ಚಪ್ಪಾಳೆಯನ್ನು ಕತ್ತರಿಸಬೇಡಿ, ರಚನೆಗಳ ನಡುವೆ ಗಾಯಕ ಆಡಿದ ಮಾತನ್ನೂ ಉಳಿಸಿ. ಯಾವುದು ಹೊಸ ರಚನೆ, ಅದಕ್ಕೆ ಆಗ ಏನು ಹೆಸರಿತ್ತು ಎಂಬುದು ಎಷ್ಟೋ ಸಲ ಆ ಮಾತಿನಲ್ಲಿ ಮಾತ್ರ ಇರುತ್ತದೆ. ಮೊದಲ ಪ್ರತಿ ತಂಡಕ್ಕೆ ಹೋಗಲಿ.